ಅಣ್ಣ ಇಳಿಸಿದ ಮೂರು ಇಂಚು

"ನೀವೇ ಇಳಿಸಿದ್ದು. ನೀವೇ ಎತ್ತಿ ಕೊಡಿ!"

ಗಾಡಿಯ ಬಾಗಿಲನ್ನು ಧಡ್ ಎಂದು ಹಾಕಿ ಭಾಗ್ಯ ಹೀಗೆ ಹೇಳಿದಾಗ, ಹಿರಿಯೂರಿನ ಬೈಪಾಸ್ ಬದಿಯ ಆ ಗ್ಯಾರೇಜಿನಲ್ಲಿದ್ದ ಇಬ್ಬರೂ ಕೈಲಿದ್ದ ಕೆಲಸ ಬಿಟ್ಟು ತಲೆಯೆತ್ತಿದರು.

ಒಬ್ಬ ವೆಲ್ಡಿಂಗ್ ಕೆಲಸದ ಗೊಲ್ಲಪ್ಪ. ಅರವತ್ತು ದಾಟಿದವನು. ಇನ್ನೊಬ್ಬ ಗ್ಯಾರೇಜಿನ ಯಜಮಾನ ಮುರುಗೇಶ್. ಮೂವತ್ತರ ಆಸುಪಾಸು, ಹಣೆಯ ಮೇಲೆ ಬೆಳಗಿನ ವಿಭೂತಿ, ಮೊಣಕೈವರೆಗೆ ಕಪ್ಪು ಗ್ರೀಸು.

ಮುರುಗೇಶ್ ಅವಳನ್ನು ನೋಡಲಿಲ್ಲ. ಅವಳ ಹಿಂದೆ ನಿಂತಿದ್ದ ಬೂದು ಬಣ್ಣದ ಬೊಲೆರೊ ಗಾಡಿಯನ್ನು ನೋಡಿದ. ನೋಡುತ್ತಲೇ ಎದ್ದು ನಿಂತ.

"ಕೊಟ್ರನ ಗಾಡಿ..." ಎಂದ ಮೆಲ್ಲಗೆ.

"ನನ್ನ ಅಣ್ಣನ ಹೆಸರು ನಿಮ್ಮ ಬಾಯಲ್ಲಿ ಬ್ಯಾಡ!"

ಗೊಲ್ಲಪ್ಪ ಕೆಮ್ಮಿದ. "ಕುಂತ್ಕಳ್ರಿ ತಾಯಿ, ಮೊದಲು ನೀರು ಕುಡೀರಿ. ಬಿಸಿಲಿಗೆ ಬಂದೀರಿ."

"ಕುಂತ್ಕೊಳಾಕೆ ಬಂದಿಲ್ಲ."

ಅವಳು ಬಂದ ಕಾರಣ ಇದು. ಗಾಡಿ ಕೊಂಡು ಹದಿನೈದು ವರ್ಷ ತುಂಬುತ್ತ ಬಂದಿತ್ತು. ನೋಂದಣಿ ನವೀಕರಿಸಬೇಕೆಂದರೆ ಚಿತ್ರದುರ್ಗದ ಆರ್‌ಟಿಓ ಕಚೇರಿಯಲ್ಲಿ ತಪಾಸಣೆ ಆಗಬೇಕು. ಹಿಂದಿನ ದಿನ ಭಾಗ್ಯ ಹೋಗಿದ್ದಳು. ಇನ್‌ಸ್ಪೆಕ್ಟರು ಬಗ್ಗಿ ನೋಡಿ, ಟೇಪು ಹಿಡಿದು ಅಳೆದು, ಮುಖದ ಮೇಲೆ ಸಿಟ್ಟಿಲ್ಲದೆಯೇ ಹೇಳಿದ್ದರು: "ಗಾಡಿಯ ಎತ್ತರ ಇಳಿಸಿದ್ದಾರಮ್ಮ. ಕಂಪನಿ ಕೊಟ್ಟ ಎತ್ತರಕ್ಕೆ ತಂದರೆ ಪಾಸು ಮಾಡ್ತೀನಿ. ಮುಂದಿನ ಸೋಮವಾರ ತನ್ನಿ."

ಅದರ ಮಾರನೆಯ ದಿನಕ್ಕೆ ನೋಂದಣಿಯ ಅವಧಿ ಮುಗಿಯುತ್ತದೆ. ಅಪ್ಪ ರೇವಣಸಿದ್ದಪ್ಪ ಒಂದೇ ಮಾತು ಹೇಳಿದ್ದರು: "ಸೋಮವಾರ ಪಾಸಾಗಲಿಲ್ಲ ಅಂದ್ರೆ ಮಂಗಳವಾರ ಅದು ಗುಜರಿಗೆ ಹೋಗುತ್ತೆ."

ಅಣ್ಣ ಕೊಟ್ರೇಶ್ ತೀರಿಕೊಂಡು ಎರಡು ವರ್ಷ. ಅವನ ಬಟ್ಟೆಬರೆ ಮಠಕ್ಕೆ ಕೊಟ್ಟಾಗಿತ್ತು. ಮನೆಯಲ್ಲಿ ಅವನದು ಅಂತ ಉಳಿದಿದ್ದು ಈ ಗಾಡಿ ಒಂದೇ. ಸ್ಟೇರಿಂಗಿನ ಮೇಲೆ ಅವನ ಹೆಬ್ಬೆರಳು ತಿಕ್ಕಿ ನುಣುಪಾದ ಜಾಗ ಈಗಲೂ ಹಾಗೇ ಇತ್ತು. ಅದು ಗುಜರಿಗೆ ಹೋಗುವುದೇ?

"ನಿಮಗೆ ಆರು ದಿನ ಐತೆ," ಎಂದಳು ಭಾಗ್ಯ. "ಸ್ಪ್ರಿಂಗು ಕತ್ತರಿಸಿ ಎಸೆದೀರಲ್ಲ, ಹೊಸದು ತಂದು ಹಾಕಿ. ಈ ಹಳೇ ಗಾಡಿಗೆ ಹೊಂದೋದು ಯಾವ ಅಂಗಡೀಲೂ ಸಿಗ್ತಿಲ್ಲ ಅಂತಾರೆ. ಅದಕ್ಕೇ ನಿಮ್ಮ ಮುಖ ನೋಡಬೇಕಾಯ್ತು."

ಮುರುಗೇಶ್ ಒಳಗೆ ನಡೆದ. "ಬರ್ರಿ" ಎಂದು ಕೈ ಮಾಡಿದ.

ಗ್ಯಾರೇಜಿನ ಹಿಂಬದಿಯ ತೊಲೆಯಿಂದ ಗೋಣಿಚೀಲದ ಗಂಟುಗಳು ಸಾಲಾಗಿ ತೂಗುತ್ತಿದ್ದವು. ಒಂದನ್ನು ಇಳಿಸಿ ಹಗ್ಗ ಬಿಚ್ಚಿದ. ಒಳಗೆ ಎರಡು ದಪ್ಪ ಸ್ಪ್ರಿಂಗು, ಹಿಂದಿನ ಚಕ್ರಗಳ ಭಾರ ಹೊರುವ ಕಮಾನಿನ ನಾಲ್ಕು ಉದ್ದನೆಯ ಪ್ಲೇಟುಗಳು. ತುಕ್ಕಿನ ಒಂದು ಕಲೆಯಿಲ್ಲ. ಮೈತುಂಬ ಗ್ರೀಸು ಸವರಿತ್ತು.

ಚೀಲದ ಮೇಲೆ ಬಿಳಿ ಪೇಂಟಿನಲ್ಲಿ ಬರೆದಿತ್ತು: 'ಕೊಟ್ರೇಶ್, ಆದಿವಾಲ'. ಅದರ ಕೆಳಗೆ ಒಂದು ತಾರೀಖು.

"ನಾನು ಯಾರ ಸ್ಪ್ರಿಂಗೂ ಕತ್ತರಿಸಲ್ಲ," ಎಂದ ಮುರುಗೇಶ್. "ಗಾಡಿಯ ಹುಟ್ಟಿದ ಎತ್ತರ ಅಂತ ಒಂದಿರುತ್ತೆ. ಇಳಿಸಿದವರು ಒಂದಿನ ಅದನ್ನ ಕೇಳ್ಕೊಂಡು ಬಂದೇ ಬರ್ತಾರೆ. ಬಿಚ್ಚಿದ್ದನ್ನ ಹೆಸರು ಬರೆದು ಕಟ್ಟಿಡ್ತೀನಿ. ವರ್ಷಕ್ಕೊಂದು ಸಲ ಗ್ರೀಸು."

"ಅಣ್ಣ ಹೋದ ಮೇಲೂ...?"

"ಈ ವರ್ಷವೂ ಸವರಿದೀನಿ. ದೀಪಾವಳಿ ಪೂಜೆ ದಿನ."

ಬೈಯಲು ಸಿದ್ಧಮಾಡಿಕೊಂಡು ಬಂದ ಮಾತುಗಳಿಗೆಲ್ಲ ಈಗ ಜಾಗವೇ ಇರಲಿಲ್ಲ. ಅದು ಭಾಗ್ಯಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಒಂದು ಕೇಳ್ತೀನಿ. ನನ್ನ ಅಣ್ಣ ಒಂದು ಬೀಡಿ ಮುಟ್ಟಿದವನಲ್ಲ, ಬಣ್ಣದ ಅಂಗಿ ಹಾಕಿದವನಲ್ಲ. ಅಂಥವನಿಗೆ ಗಾಡಿ ಇಳಿಸೋ ಶೋಕಿ ಹಚ್ಚಿದ್ದು ಯಾರು?"

ಮುರುಗೇಶ್ ಹಗ್ಗವನ್ನು ಸುತ್ತುತ್ತ ನಿಂತ. "ಅವನೇ ಕೇಳಿದ. ನಾನು ಮಾಡಿಕೊಟ್ಟೆ."

"ಯಾಕೆ ಅಂತ ನೀವು ಕೇಳಲಿಲ್ಲವಾ?"

ಅವನು ಹಗ್ಗ ಕೆಳಗಿಟ್ಟು, ಸ್ಪ್ರಿಂಗುಗಳನ್ನು ಹೊತ್ತು ಗಾಡಿಯ ಕಡೆ ನಡೆದ.

'ಕಳ್ಳ!' ಎಂದುಕೊಂಡಳು ಭಾಗ್ಯ. 'ಬಾಯಿ ಬಿಡುವ ಮುಖವೇ ಇಲ್ಲ ಇವನಿಗೆ!'

*

ಅವಳ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ.

ಕೊಟ್ರೇಶ್ ಗಾಡಿಯನ್ನು ಇಳಿಸಿಕೊಂಡು ಮನೆಗೆ ತಂದ ದಿನ ಪಕ್ಕದ ಆದಿವಾಲ ಊರಿನ ಅವರ ಮನೆಯಲ್ಲಿ ದೊಡ್ಡ ಜಗಳ ನಡೆದಿತ್ತು. ರೇವಣಸಿದ್ದಪ್ಪ ಶೇಂಗಾ ವ್ಯಾಪಾರದಲ್ಲಿ ನಾಲ್ಕು ಜನರಿಂದ ಮರ್ಯಾದೆ ಪಡೆದವರು. ಬೆಳೆದ ಮಗ ಪಡ್ಡೆ ಹುಡುಗರ ಹಾಗೆ ಗಾಡಿಯನ್ನು ನೆಲಕ್ಕೆ ಅಂಟಿಸಿಕೊಂಡು ಬಂದದ್ದು ಅವರಿಗೆ ಸಹಿಸಲಾಗಲಿಲ್ಲ.

"ಪೋಕರಿ! ಊರಿನ ತುಂಬ ನನ್ನ ತಲೆ ತಗ್ಗಿಸಿದೆ!"

"ಚೆಂದ ಕಾಣ್ತೈತಲ್ಲ ಅಪ್ಪಾಜಿ," ಎಂದು ನಕ್ಕಿದ್ದ ಕೊಟ್ರೇಶ್. ಅಷ್ಟೇ.

ಅಪ್ಪ ಅಂದಿನಿಂದ ಮಗನ ಜೊತೆ ಮಾತು ಬಿಟ್ಟರು. ಒಂದೇ ಮನೆ, ಒಂದೇ ಪಂಕ್ತಿ, ಆದರೆ ಮಾತಿಲ್ಲ. ಹೀಗೆ ಎಂಟು ತಿಂಗಳು. ಒಂಬತ್ತನೆಯ ತಿಂಗಳಲ್ಲಿ ಕೊಟ್ರೇಶನಿಗೆ ಡೆಂಗಿ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನಕ್ಕೆ ಶಿವ ಅವನನ್ನು ಕರೆದುಕೊಂಡ. ಅಪ್ಪ ಹಾಸಿಗೆಯ ಪಕ್ಕ ಹೋಗಿ "ಮಗಾ" ಎನ್ನುವ ಹೊತ್ತಿಗೆ ಅವನಿಗೆ ಕೇಳಿಸುತ್ತಿರಲಿಲ್ಲ.

ಹೆತ್ತವರಿಗಿಂತ ಮೊದಲು ಮಕ್ಕಳು ಹೋದರೆ ಆ ಮನೆಯಲ್ಲಿ ಗೋಡೆಗಳೂ ಬೇರೆ ಥರ ನಿಲ್ಲುತ್ತವೆ. ಅನುಭವಿಸಿದವರಿಗೇ ಅದು ಗೊತ್ತು.

ಅಪ್ಪನ ಮೇಲೆ ಸಿಟ್ಟಾಗಲು ಭಾಗ್ಯಳಿಗೆ ಆಗಲಿಲ್ಲ. ಅವರು ಆಗಲೇ ಅರ್ಧ ಸತ್ತಿದ್ದರು. ಹಾಗಾಗಿ ಅವಳ ಸಿಟ್ಟೆಲ್ಲ ತಾನು ಎಂದೂ ನೋಡಿರದ ಆ ಗ್ಯಾರೇಜಿನವನ ಮೇಲೆ ತಿರುಗಿತ್ತು. ಅಣ್ಣನಿಗೆ ಪ್ರಾಣದ ಗೆಳೆಯ ಅನ್ನಿಸಿಕೊಂಡವನು ಅಣ್ಣನ ಮಣ್ಣಿಗೂ ಬಂದಿರಲಿಲ್ಲ!

ಆ ಮನೆಯಲ್ಲಿ ನೆಮ್ಮದಿಯಿಂದ ಇದ್ದವರೆಂದರೆ ಅವ್ವ ದಾಕ್ಷಾಯಣಮ್ಮ ಒಬ್ಬರೇ. ಅವರಿಗೆ ದೇವರು ಇದ್ದ. ಒಂದು ಕಾಲದಲ್ಲಿ ಅವರ ಎರಡೂ ಮೊಣಕಾಲು ಸೋತುಹೋಗಿದ್ದವು. ಗಾಡಿ ಹತ್ತಲಾಗದೆ ಮಠಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಯಾರಾದರೂ ಕೇಳಿದರೆ "ಮನೇಲಿ ಕೆಲಸ ಐತೆ" ಎನ್ನುತ್ತಿದ್ದರು. ಕೈ ಹಿಡಿದು ಹತ್ತಿಸಿದರೆ, ಸ್ಟೂಲು ತಂದಿಟ್ಟರೆ ನಾಚಿಕೆ. ಕೊನೆಗೆ ಗುರುಗಳಿಗೆ ಹರಕೆ ಹೊತ್ತು ಐದು ಸೋಮವಾರ ಒಪ್ಪೊತ್ತು ಮಾಡಿದರು. ಆರನೆಯ ಸೋಮವಾರ ಬೆಳಿಗ್ಗೆ ಯಾರ ಕೈಯನ್ನೂ ಹಿಡಿಯದೆ ಗಾಡಿ ಹತ್ತಿ ಕೂತರು!

"ಗುರು ಕಣ್ಣು ಬಿಟ್ಟ," ಎಂದು ಅಂದಿನಿಂದ ಎಷ್ಟು ಜನರಿಗೆ ಹೇಳಿದರೋ ಲೆಕ್ಕವಿಲ್ಲ. ಮಗ ಹೋದ ಮೇಲೂ ಅದೇ ಒಂದು ನಂಬಿಕೆ ಅವರನ್ನು ನಿಲ್ಲಿಸಿತ್ತು. "ನನಗೆ ಕಾಲು ಕೊಟ್ಟ ದೇವರು ನನ್ನ ಮಗನ್ನೂ ಚೆನ್ನಾಗಿ ನೋಡ್ಕೊಂತಾನೆ," ಎನ್ನುತ್ತಿದ್ದರು.

*

ಬುಧವಾರ ಶಾಲೆ ಬಿಟ್ಟ ಮೇಲೆ ಭಾಗ್ಯ ನೇರ ಗ್ಯಾರೇಜಿಗೆ ಬಂದಳು. ಅವಳು ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಚೀಲದಲ್ಲಿ ಒಂದು ಮೀಟರಿನ ಮರದ ಸ್ಕೇಲು ಇತ್ತು.

"ಇದೇನು ಟೀಚರ್, ನಮಗೂ ಏಟು ಕೊಡಾಕೆ ತಂದೀರಾ?" ಎಂದ ಗೊಲ್ಲಪ್ಪ.

"ಕೆಲಸ ಸರಿಯಾಗಿಲ್ಲ ಅಂದ್ರೆ ಕೊಡ್ತೀನಿ."

"ಮೊದಲು ನಮ್ಮ ಯಜಮಾನ್ರಿಗೆ ಕೊಡ್ರಿ. ನಿನ್ನೆಯಿಂದ ಊಟ ಬಿಟ್ಟು ಆ ಗಾಡಿ ಕೆಳಗೇ ಮಲಗವ್ರೆ."

"ಗೊಲ್ಲಪ್ಪಣ್ಣಾ, ಸುಮ್ಮನಿರ್ತೀಯಾ!" ಎಂಬ ದನಿ ಗಾಡಿಯ ಕೆಳಗಿನಿಂದ ಬಂತು.

ಭಾಗ್ಯಳಿಗೆ ನಗು ಬಂದುಬಿಟ್ಟಿತು. ತಕ್ಷಣ ತುಟಿ ಕಚ್ಚಿಕೊಂಡಳು. 'ನಾನು ಇಲ್ಲಿ ನಗೋಕೆ ಬಂದಿದೀನಾ?'

ಅವಳು ನಾಲ್ಕೂ ಚಕ್ರಗಳ ಬಳಿ ನೆಲದಿಂದ ಮೇಲಿನ ಅಂಚಿನವರೆಗೆ ಅಳೆದು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಗುರುವಾರ ಮುಂದಿನ ಸ್ಪ್ರಿಂಗುಗಳು ಕೂತವು. ಬಿಗಿಯಾಗಿ ಒತ್ತಿ ಹಿಡಿದ ಸ್ಪ್ರಿಂಗು ಜಾರಿದರೆ ಕೈಯೇ ಹೋಗುತ್ತದಂತೆ. ಅವನು ಒಂದೊಂದೇ ಸುತ್ತು ತಿರುಗಿಸುತ್ತಿದ್ದಾಗ ಭಾಗ್ಯ ಉಸಿರು ಬಿಗಿಹಿಡಿದು ನಿಂತಿದ್ದಳು. ಯಾಕೆ ಹಾಗೆ ನಿಂತೆ ಎಂದು ಆಮೇಲೆ ತನ್ನನ್ನೇ ಕೇಳಿಕೊಂಡಳು.

ಶುಕ್ರವಾರ ಹಿಂದಿನ ಕಮಾನಿಗೆ ಪ್ಲೇಟುಗಳು ಸೇರಿದವು. ಗಾಡಿ ನೆಲಕ್ಕಿಳಿಯಿತು.

ಭಾಗ್ಯ ಅಳೆದಳು. "ನಾಲ್ಕಿಂಚು ಎದ್ದೈತಲ್ಲ!"

"ಕೂರುತ್ತೆ," ಎಂದ ಮುರುಗೇಶ್. "ಬಿಚ್ಚಿ ಹಾಕಿದ ಕಮಾನು ನೂರು ನೂರೈವತ್ತು ಕಿಲೋಮೀಟರ್ ಭಾರ ಹೊತ್ತು ಓಡೋವರೆಗೂ ತನ್ನ ಜಾಗಕ್ಕೆ ಕೂರಲ್ಲ. ಒಂದಿಂಚು ಇಳೀಬೇಕು. ಆಗಲೇ ಸರಿಯಾದ ಎತ್ತರ. ನಾಳೆ ಶನಿವಾರ, ಹೊಸದುರ್ಗ, ಹೊಳಲ್ಕೆರೆ ಸುತ್ತಾಕ್ಕೊಂಡು ಬರಬೇಕು."

"ನನ್ನ ಗಾಡಿ ನಿಮ್ಮ ಕೈಗೆ ಕೊಟ್ಟು ಕಳಿಸಲ್ಲ."

"ಹಂಗಾದ್ರೆ ನೀವೇ ಓಡಿಸ್ರಿ. ನಾನು ಪಕ್ಕ ಕೂತು ಸದ್ದು ಕೇಳ್ತೀನಿ."

"ಹಿಂದೆ ಭಾರಕ್ಕೆ ಮರಳು ಮೂಟೆ ಹಾಕಾಣ," ಎಂದ ಗೊಲ್ಲಪ್ಪ, ತನ್ನ ಹೊಟ್ಟೆ ತಟ್ಟಿಕೊಂಡು. "ಕಡಿಮೆ ಬಿದ್ರೆ ನಾನಿದೀನಿ."

*

ಶನಿವಾರ ಮಧ್ಯಾಹ್ನ ಹೊರಟರು. ಹಿಂದೆ ಆರು ಮರಳಿನ ಮೂಟೆಗಳು, ಅವುಗಳ ನಡುವೆ ಏಳನೆಯದಾಗಿ ಗೊಲ್ಲಪ್ಪ. ವಾಣಿವಿಲಾಸಪುರ ದಾಟುವಷ್ಟರಲ್ಲಿ ಅವನು ಗೊರಕೆ ಹೊಡೆಯುತ್ತಿದ್ದ.

ಮುರುಗೇಶ್ ಕಣ್ಣು ಮುಚ್ಚಿ ಕೂತಿದ್ದ. ಪ್ರತಿ ಹಳ್ಳಕ್ಕೂ ಅವನ ಮುಖದಲ್ಲಿ ಏನೋ ಆಗುತ್ತಿತ್ತು.

"ಎಡಗಡೆ ಹಿಂದೆ ಕಮಾನಿನ ರಬ್ಬರ್ ಬುಷ್ ಒಂದು ಕಿರುಗುಟ್ತೈತೆ. ಕೇಳಿಸ್ತಾ?"

"ನನಗೆ ಗೊಲ್ಲಪ್ಪಣ್ಣನ ಗೊರಕೆ ಮಾತ್ರ ಕೇಳಿಸ್ತಿದೆ."

ಅವನು ನಕ್ಕ. ಭಾಗ್ಯ ಆ ನಗುವಿನಿಂದ ಕಣ್ಣು ತೆಗೆದು ರಸ್ತೆ ನೋಡಿದಳು. ಕೈ ಸ್ಟೇರಿಂಗಿನ ಮೇಲೆ, ಅಣ್ಣನ ಹೆಬ್ಬೆರಳಿನ ಜಾಗದ ಮೇಲೆ ಬಿಗಿಯಾಯಿತು. 'ಅಣ್ಣಾ, ಯಾಕೋ ನನಗೆ ಸಮಾಧಾನವೇ ಇಲ್ಲ... ಇವನನ್ನು ದ್ವೇಷ ಮಾಡೋದು ಇಷ್ಟು ಕಷ್ಟ ಯಾಕಾಗ್ತಿದೆ?'

ಹೊಸದುರ್ಗದಲ್ಲಿ ನಿಲ್ಲಿಸಿ ನಟ್ಟು ಬಿಗಿಮಾಡಿದರು. ಹೊಳಲ್ಕೆರೆಯಲ್ಲಿ ನಿಲ್ಲಿಸಿ ಟೀ ಕುಡಿದರು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಭಾಗ್ಯಳ ತಲೆಯೊಳಗೂ ಒಂದೇ ಪ್ರಶ್ನೆ ಹಾಗೇ ತಿರುಗುತ್ತಿತ್ತು. ಟೀ ಲೋಟ ಕೆಳಗಿಟ್ಟು ಕೇಳಿಯೇಬಿಟ್ಟಳು.

"ಸ್ಪ್ರಿಂಗಿಗೆ ಗ್ರೀಸು ಹಚ್ಚೋಕೆ ನೆನಪಿರೋ ಮನುಷ್ಯ, ಗೆಳೆಯನ ಮಣ್ಣಿಗೆ ಯಾಕೆ ಬರಲಿಲ್ಲ?"

ಮುರುಗೇಶ್ ತನ್ನ ಲೋಟವನ್ನೂ ಕೆಳಗಿಟ್ಟ.

"ಬಂದಿದ್ದೆ."

"ಸುಳ್ಳು! ನಾನು ಅಲ್ಲೇ ಇದ್ದೆ. ಬಂದವರನ್ನೆಲ್ಲ ನೋಡಿದೀನಿ."

"ನೀವು ನೋಡಿಲ್ಲ. ಆದರೂ ಬಂದಿದ್ದೆ."

"ಎಲ್ಲದಕ್ಕೂ ಅರ್ಧ ಮಾತು! ಯಾಕೆ ಇಳಿಸಿದಿರಿ ಅಂದ್ರೆ ಸುಮ್ಮನಿರ್ತೀರಿ. ಯಾಕೆ ಬರಲಿಲ್ಲ ಅಂದ್ರೆ ಬಂದಿದ್ದೆ ಅಂತೀರಿ. ಎಂಟು ತಿಂಗಳು ನಮ್ಮಪ್ಪ ಮಗನ್ನ ಮಾತಾಡಿಸಲಿಲ್ಲ, ಗೊತ್ತಾ ನಿಮಗೆ? ಈ ಗಾಡಿಯಿಂದ! ನಿಮ್ಮಿಂದ!"

ಅಳು ತಡೆಯಲಾಗಲಿಲ್ಲ. ಮುರುಗೇಶ್ ಹೆಗಲ ಮೇಲಿನ ಟವೆಲು ತೆಗೆದ, ಗ್ರೀಸು ನೋಡಿ ಮತ್ತೆ ಹಾಕಿಕೊಂಡ. ಗಾಡಿಯೊಳಗಿಂದ ಒಂದು ಬಿಳಿ ಬಟ್ಟೆ ತಂದು ದೂರದಿಂದಲೇ ಚಾಚಿದ.

"ಇದು ಗ್ಲಾಸ್ ಒರೆಸೋದು... ಹೊಸದು. ಇನ್ನೂ ಒರೆಸಿಲ್ಲ."

ಅವಳು ಕಿತ್ತುಕೊಂಡು ಕಣ್ಣೊರೆಸಿಕೊಂಡಳು.

"ಸೋಮವಾರ ಆದಮೇಲೆ ನಿಮ್ಮ ಮುಖ ನಾನು ನೋಡಲ್ಲ."

"ಆಗಲಿ," ಎಂದ ಅವನು. ಆ ಒಂದು ಮಾತು ಹೇಳಲು ಅವನಿಗೆಷ್ಟು ಕಷ್ಟವಾಯಿತೆಂದು ಅವಳಿಗೆ ಕಾಣಲಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಗೊಲ್ಲಪ್ಪನಿಗೆ ಕಂಡಿತು. ಅವನೂ ಆ ಹೊತ್ತು ತಮಾಷೆ ಮಾಡಲಿಲ್ಲ.

*

ಸೋಮವಾರ ಬೆಳಿಗ್ಗೆ ಏಳಕ್ಕೆ ಮುರುಗೇಶ್ ಗಾಡಿಯನ್ನು ಆದಿವಾಲಕ್ಕೆ ತಂದ. ಗೇಟಿನ ಹೊರಗೇ ನಿಲ್ಲಿಸಿದ. ಒಳಗೆ ಬರಲಿಲ್ಲ.

ಭಾಗ್ಯ ಸ್ಕೇಲು ತಂದು ಅಳೆದಳು. ಮೊದಲಿಗಿಂತ ಸರಿಯಾಗಿ ಮೂರು ಇಂಚು ಹೆಚ್ಚು. ಕಂಪನಿಯ ಕಾಗದದಲ್ಲಿ ಇರುವಷ್ಟೇ. ಕೂದಲೆಳೆಯಷ್ಟೂ ತಪ್ಪಿಲ್ಲ.

ದಾಕ್ಷಾಯಣಮ್ಮ ಮಡಿ ಸೀರೆಯುಟ್ಟು, ತಟ್ಟೆಯಲ್ಲಿ ಕಾಯಿ ಕರ್ಪೂರ ಹಿಡಿದು ಬಂದರು. "ನಾನೂ ಬರ್ತೀನಿ. ನನ್ನ ಮಗನ ಗಾಡಿ ಪರೀಕ್ಷೆಗೆ ಹೋಗ್ತೈತೆ. ಸೋಮವಾರ ಬೇರೆ." ಗಾಡಿಗೆ ಪೂಜೆ ಮಾಡಿ, ವಿಭೂತಿ ಹಚ್ಚಿ, ಹಿಂದಿನ ಬಾಗಿಲು ತೆಗೆದು ಕಾಲೆತ್ತಿದರು.

ಕಾಲು ಗಾಡಿಯ ಮೆಟ್ಟಿಲು ಹಲಗೆಯವರೆಗೆ ಹೋಗಲಿಲ್ಲ.

ಇನ್ನೊಮ್ಮೆ ಎತ್ತಿದರು. ಮೊಣಕಾಲು ಬಾಗಿಲನ್ನು ತಾಗಿ ವಾಪಸು ಬಂತು. ಮೂರನೆಯ ಸಲ ಅವರು "ಅಯ್ಯೋ" ಎಂದು ಬಾಗಿಲು ಹಿಡಿದು ನಿಂತರು. ಮುಖ ಬಿಳಿಚಿಕೊಂಡಿತು.

"ಅವ್ವಾ! ತಡಿ, ಮಣೆ ತರ್ತೀನಿ."

"ಬ್ಯಾಡ! ಲಿಂಗಪೂಜೆಗೆ ಕೂರೋ ಮಣೆ ಮೇಲೆ ಕಾಲಿಡ್ಲಾ?" ಅವರು ಮೊಣಕಾಲು ಒತ್ತಿಕೊಂಡರು. "ಗುರು ಕೊಟ್ಟಿದ್ದ ಕಾಲು ವಾಪಸ್ ತಗಂಡ. ನಾನೇನು ತಪ್ಪು ಮಾಡಿದೆ? ಶಿವನೇ, ಮಗನ್ನ ತಗಂಡೆ, ಈಗ ಇದನ್ನೂ..."

ಎರಡು ವರ್ಷ ಕಣ್ಣೀರು ಹಾಕದೆ ನಿಂತಿದ್ದ ಆ ತಾಯಿ ಗಾಡಿಯ ಬಾಗಿಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು.

ಜಗುಲಿಯ ಮೇಲೆ ನಿಂತಿದ್ದ ರೇವಣಸಿದ್ದಪ್ಪ ಓಡಿ ಬಂದರು.

ಭಾಗ್ಯ ಮುರುಗೇಶನ ಕಡೆ ನೋಡಿದಳು. ಅವನು ನೆಲ ನೋಡುತ್ತ ನಿಂತಿದ್ದ.

ಮೂರು ಇಂಚು...

ಅವಳ ಕಣ್ಣ ಮುಂದೆ ಆ ಗೋಣಿಚೀಲ ಬಂತು. ಬಿಳಿ ಪೇಂಟಿನ ತಾರೀಖು ಬಂತು. ಲೆಕ್ಕ ಅವಳಿಗೆ ರಕ್ತದಲ್ಲಿ ಬಂದದ್ದು. ಆ ತಾರೀಖು ಒಂದು ಶನಿವಾರ. ಅದಾದ ಎರಡು ದಿನಕ್ಕೆ ಅವ್ವನ ಆರನೆಯ ಸೋಮವಾರ!

"ಅಣ್ಣ ಶೋಕಿಗೆ ಇಳಿಸಲಿಲ್ಲ..." ಅವಳ ಬಾಯಿಂದ ಮಾತು ತಾನಾಗಿ ಬಂತು. "ಅವ್ವನ ಕಾಲಿಗೆ ಅಂತ ಇಳಿಸಿದ. ಅಲ್ವಾ? ಹೇಳ್ರಿ! ಅಲ್ವಾ?"

ಮುರುಗೇಶ್ ತಲೆಯೆತ್ತಿದ. ಕಣ್ಣು ತುಂಬಿತ್ತು.

"ಹೌದು."

"ಯಾಕೆ ಇಷ್ಟು ದಿನ ಹೇಳಲಿಲ್ಲ?"

"ಮಾತು ಕೊಟ್ಟಿದ್ದೆ. ಅಮ್ಮ ಹತ್ತಲಾಗದೆ ಕದ್ದು ಅಳೋದನ್ನ ಅವನು ನೋಡಿದ್ದ. ಗಾಡಿ ಇಳಿಸಿ ಕೊಡು ಅಂದ. ಸೋಮವಾರ ಅಮ್ಮ ಹತ್ತಿ ಕೂತು, ಗುರು ಕಣ್ಣು ಬಿಟ್ಟ ಅಂತ ಖುಷಿಯಾದ್ರು. ಆ ಸಂತೋಷ ನಾನು ಕೆಡಿಸಲ್ಲ, ನೀನೂ ಬಾಯಿ ಬಿಡಬ್ಯಾಡ ಅಂದ. ಅಮ್ಮನಿಗೆ ನಾಚಿಕೆ ಆಗಬಾರದು ಅಂತ, ಅಪ್ಪಾಜಿ ಬೈದಾಗಲೂ ಶೋಕಿಗೆ ಅಂತಲೇ ಹೇಳಿದ್ದ." ಅವನು ಉಸಿರು ತೆಗೆದುಕೊಂಡ. "ಇನ್ನೊಂದು ಮಾತೂ ಹೇಳಿದ್ದ. ನಮ್ಮ ಭಾಗ್ಯ ಲೆಕ್ಕದಲ್ಲಿ ಗಟ್ಟಿ, ಒಂದಿನ ಅವಳೇ ಕಂಡುಹಿಡೀತಾಳೆ. ಅವತ್ತು ಅವಳ ಮುಂದೆ ಮಾತ್ರ ಸುಳ್ಳು ಹೇಳಬ್ಯಾಡ ಅಂತ."



ರೇವಣಸಿದ್ದಪ್ಪ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತರು. "ಪೋಕರಿ ಅಂದೆನಲ್ಲೇ ದಾಕ್ಷಾಯಣಿ... ನನ್ನ ಮಗನಿಗೆ ಪೋಕರಿ ಅಂದೆನಲ್ಲ... ಎಂಟು ತಿಂಗಳು..." ಎದೆ ಬಡಿದುಕೊಂಡರು. "ಇವನು ಮಣ್ಣಿನ ದಿನ ಹೂವಿನ ಹಾರ ಹಿಡ್ಕೊಂಡು ಇದೇ ಗೇಟಿಗೆ ಬಂದಿದ್ದ. ನನ್ನ ಮಗನ್ನ ಕೆಡಿಸಿದವನು ಒಳಗೆ ಕಾಲಿಡಬ್ಯಾಡ ಅಂತ ನಾನೇ ಓಡಿಸಿದೆ. ರಸ್ತೆಯ ಆಚೆ ಸಂಜೆವರೆಗೂ ನಿಂತಿದ್ದ. ನೋಡಿದೆ. ನೋಡಿಯೂ ಕರೀಲಿಲ್ಲ."

ಭಾಗ್ಯ ಬಾಯಿಗೆ ಕೈ ಒತ್ತಿಕೊಂಡಳು. 'ಬಂದಿದ್ದೆ' ಎಂದಿದ್ದ. ಸುಳ್ಳು ಎಂದಿದ್ದಳು ಅವಳು! ಅಪ್ಪನ ಹೆಸರು ಹೇಳಿ ತಾನು ತಪ್ಪಿಸಿಕೊಳ್ಳಬಹುದಿತ್ತಲ್ಲ... ಅದನ್ನೂ ಮಾಡಲಿಲ್ಲ.

ದಾಕ್ಷಾಯಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಅವರು ಗಾಡಿಯ ಚಕ್ರದ ಮೇಲಿನ ಅಂಚನ್ನು, ಮಗುವಿನ ತಲೆ ಸವರಿದ ಹಾಗೆ ಸವರಿದರು.

"ಹಂಗಾದ್ರೆ ಗುರು ಕಣ್ಣು ಬಿಟ್ಟಿದ್ದು ದಿಟ," ಎಂದರು ನಿಧಾನವಾಗಿ. "ನನ್ನ ಕಾಲಿಗೆ ಶಕ್ತಿ ಕೊಟ್ಟ ಅಂದ್ಕೊಂಡಿದ್ದೆ. ನನ್ನ ಮಗನ ಎದೆಯೊಳಗೆ ಬಂದು ಕುಂತಿದ್ನಲ್ಲ... ಅದಕ್ಕಿಂತ ದೊಡ್ಡದು ಏನೈತೆ?"

ಆಮೇಲೆ ಗಂಡನ ಕಡೆ ತಿರುಗಿದರು. "ಏಳ್ರಿ ಮ್ಯಾಲೆ. ಹೊತ್ತಾಗ್ತೈತೆ. ಅವನ ಗಾಡಿ ಗುಜರಿಗೆ ಹಾಕ್ತೀರೇನು?"

"ನಾನು ಸತ್ತರೂ ಇಲ್ಲ!" ಎಂದು ರೇವಣಸಿದ್ದಪ್ಪ ಎದ್ದರು. ಎದ್ದವರು ಮತ್ತೆ ಬಾಗಿಲ ಬಳಿ ಮೊಣಕಾಲೂರಿ ಕೂತು, "ನನ್ನ ತೊಡೆ ಮೇಲೆ ಕಾಲಿಡು, ಹತ್ತು," ಎಂದರು.

"ಥೂ! ಗಂಡನ ಮೇಲೆ ಕಾಲಿಡ್ಲಾ? ನಿಮಗೇನು ಬುದ್ಧಿ ಐತಾ?"

ಅಳುತ್ತಿದ್ದ ಭಾಗ್ಯಳಿಗೆ ಅಳುವಿನ ನಡುವೆಯೇ ನಗು ಬಂತು. ಮಣೆ ಆಗುವುದಿಲ್ಲ, ಗಂಡ ಆಗುವುದಿಲ್ಲ...

ಮುರುಗೇಶ್ ಗಾಡಿಯ ಡಿಕ್ಕಿ ತೆಗೆದು, ಶನಿವಾರದಿಂದ ಅಲ್ಲೇ ಉಳಿದಿದ್ದ ಒಂದು ಮರಳಿನ ಮೂಟೆಯನ್ನು ಹೊತ್ತು ತಂದು ಬಾಗಿಲ ಕೆಳಗಿಟ್ಟ. ಕೈಯಿಂದ ತಟ್ಟಿ ಸಮ ಮಾಡಿದ.

"ಮರಳಿನ ಮೇಲೆ ಕಾಲಿಡಬಹುದಲ್ಲಮ್ಮ?"

ದಾಕ್ಷಾಯಣಮ್ಮ ಅದನ್ನು ನೋಡಿದರು, ಅವನನ್ನು ನೋಡಿದರು. ಕಾಲಿಟ್ಟರು. ಮೂಟೆ ಮೆತ್ತಗೆ ಕೂತಿತು. ಇನ್ನೊಂದು ಕಾಲು ಸಲೀಸಾಗಿ ಗಾಡಿಯೊಳಗೆ ಹೋಯಿತು.

"ಈ ಮೂಟೆ ಗಾಡೀಲೇ ಇರಲಿ," ಎಂದರು ಒಳಗೆ ಕೂತು. "ಬಾರಪ್ಪ, ನೀನೂ ಕೂತ್ಕ. ಹೋಗಾಣ."

*

ಚಿತ್ರದುರ್ಗದಲ್ಲಿ ಅದೇ ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಟೇಪು ಹಿಡಿದರು. ಓಡಿಸಿ, ಬ್ರೇಕು ಹಾಕಿ, ದೀಪ ಹಚ್ಚಿ ನೋಡಿದರು. ಆ ಅರ್ಧ ಗಂಟೆ ನಾಲ್ವರೂ ಬೇವಿನ ಮರದ ಕೆಳಗೆ ನಿಂತಿದ್ದರು. ರೇವಣಸಿದ್ದಪ್ಪನವರ ತುಟಿ ಪಂಚಾಕ್ಷರಿ ಜಪಿಸುತ್ತಿತ್ತು. ಭಾಗ್ಯ ಉಗುರು ಕಚ್ಚುತ್ತಿದ್ದಳು.

ಇನ್‌ಸ್ಪೆಕ್ಟರು ಕಾಗದಕ್ಕೆ ಸಹಿ ಹಾಕಿದರು.

"ಐದು ವರ್ಷಕ್ಕೆ ಪಾಸು. ಕೆಲಸ ಅಚ್ಚುಕಟ್ಟಾಗೈತೆ. ಯಾರು ಮಾಡಿದ್ದು?"

ಮುರುಗೇಶ್ ಬಾಯಿ ತೆರೆಯುವ ಮೊದಲೇ ರೇವಣಸಿದ್ದಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು. "ನಮ್ಮ ಹುಡುಗ, ಸಾರ್."

ಅಪ್ಪ ಅವ್ವ ಗಾಡಿಯ ಹತ್ತಿರ ಹೋದರು. ಮೂಟೆಯನ್ನು ಹೊತ್ತು ಬಾಗಿಲ ಕೆಳಗೆ ಇಟ್ಟದ್ದು ಈ ಸಲ ಅಪ್ಪ. ಮರದ ಕೆಳಗೆ ಇಬ್ಬರೇ ಉಳಿದರು.

"ನಾನು ನಿಮಗೆ ಬಹಳ ಅಂದುಬಿಟ್ಟೆ..." ಎಂದಳು ಭಾಗ್ಯ.

"ಬೈಸಿಕೊಂಡದ್ದೇ ಚೆನ್ನಾಗಿತ್ತು. ಎರಡು ವರ್ಷದಿಂದ ಕೊಟ್ರನ ಬಗ್ಗೆ ನನ್ನ ಜೊತೆ ಯಾರೂ ಮಾತೇ ಆಡಿರಲಿಲ್ಲ." ಅವನು ಗಾಡಿಯ ಕಡೆ ನೋಡಿ ಕೇಳಿದ, "ಈಗ ಬಿಚ್ಚಿದ ಆ ಗಿಡ್ಡ ಸ್ಪ್ರಿಂಗು... ಅದನ್ನ ಏನು ಮಾಡ್ಲಿ?"

"ಗ್ರೀಸು ಹಚ್ಚಿ ಕಟ್ಟಿಡ್ರಿ. ಅಣ್ಣ ಅವ್ವನಿಗೆ ಕೊಟ್ಟಿದ್ದು ಅದು. ಚೀಲದ ಮೇಲೆ ಹೆಸರು ನಾನು ಬರೀತೀನಿ."

"ಸೋಮವಾರ ಆದಮೇಲೆ ನನ್ನ ಮುಖ ನೋಡಲ್ಲ ಅಂದಿದ್ರಿ."

"ಇನ್ನೂ ಸೋಮವಾರ ಮುಗಿದಿಲ್ಲ."

ಅವನು ಹೆಗಲ ಮೇಲಿನ ಟವೆಲು ತೆಗೆದು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಟೀಚರ್... ಭಾಗ್ಯ ಅವರೇ. ನನಗೆ ಅರ್ಧ ಮಾತು ಅಂತ ಬೈತೀರಿ. ಇದೊಂದು ಪೂರ್ತಿ ಹೇಳ್ತೀನಿ. ಕೊಟ್ರ ಹೇಳ್ತಿದ್ದ ಭಾಗ್ಯಳನ್ನ ನಾನು ನೋಡದೇನೆ ಮೆಚ್ಚಿಕೊಂಡಿದ್ದೆ. ಮಂಗಳವಾರ ನೀವು ಬಂದು ಬೈದ ಮೇಲೆ... ಮೆಚ್ಚಿಕೆ ಅಲ್ಲ ಅದು. ಅದಕ್ಕಿಂತ ಹೆಚ್ಚು. ಒಪ್ಪಿಗೆ ಇಲ್ಲ ಅಂದ್ರೆ ಹೇಳಿಬಿಡ್ರಿ. ಐದು ವರ್ಷ ಆದಮೇಲೆ ಗಾಡಿ ಮತ್ತೆ ತಪಾಸಣೆಗೆ ಬರುತ್ತೆ. ಅವತ್ತು ಬಂದು ಹೇಳಿದ್ರೂ ಸರಿ, ಕಾಯ್ತೀನಿ."

ಭಾಗ್ಯ ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದಳು. ಹೊಳಲ್ಕೆರೆಯಲ್ಲಿ ಅವನು ಕೊಟ್ಟದ್ದು. ಒಗೆದು ಮಡಿಸಿಟ್ಟಿದ್ದಳು. ಅವನ ಕೆನ್ನೆಯ ಮೇಲಿದ್ದ ಗ್ರೀಸಿನ ಒಂದು ಗೆರೆಯನ್ನು ಅದರಿಂದ ಮೆಲ್ಲಗೆ ಒರೆಸಿದಳು.

"ಗ್ಲಾಸ್ ಒರೆಸೋ ಬಟ್ಟೆ ಹಾಳಾಯ್ತಲ್ಲ," ಎಂದ ಅವನು ಪಿಸುಮಾತಿನಲ್ಲಿ.

"ಹೊಸದು ಕೊಡಿಸ್ರಿ."

"ಎಷ್ಟು ವರ್ಷ ಆದಮೇಲೆ?"

"ಐದು ವರ್ಷ ನನ್ನ ಕೈಲಿ ಆಗಲ್ಲ," ಎಂದಳು ಭಾಗ್ಯ, ಅವನ ಕಣ್ಣು ತಪ್ಪಿಸಿ. "ಸಂಜೆ ಮನೆಗೆ ಬರ್ರಿ. ಈ ಸಲ ಗೇಟಿನ ಹೊರಗೆ ನಿಲ್ಲಬ್ಯಾಡ್ರಿ..."

"ಒಳಗೆ ಕರೀತಾರಾ?"

"ನಾನು ಕರೀತಿದೀನಲ್ಲ!"